ತಾಲೂಕಿಗೊಬ್ಬ ತಾಯಿ

ಕಳ್ಳತನಕ್ಕೂ ಒಂದು ಯೋಗ್ಯತೆ ಬೇಕು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಕಿಸೆ ಕತ್ತರಿಸುವವನು ಎಷ್ಟು ಹೊತ್ತು ಸುಮ್ಮನೆ ನಿಂತು ಜನರನ್ನು ನೋಡುತ್ತಾನೆ, ಯಾರ ಧ್ಯಾನ ಎಲ್ಲಿದೆ ಎಂದು ತಿಳಿದುಕೊಳ್ಳುತ್ತಾನೆ, ಬೆರಳುಗಳನ್ನು ವರ್ಷಗಟ್ಟಲೆ ಪಳಗಿಸಿರುತ್ತಾನೆ. ನಮ್ಮ ಡಾಕ್ಟರ್ ಕಾಂತೇಶರಿಗೆ ಅಷ್ಟು ಶ್ರಮ ಆಗಿಬರುವುದಿಲ್ಲ. ಕದ್ದದ್ದನ್ನು ಒಮ್ಮೆ ಓದಿ ನೋಡುವ ಶ್ರಮವೂ ಆಗಿಬರುವುದಿಲ್ಲ.

ನಾನು ಯಶೋಧಾ. ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಸಂಸ್ಥೆ ವರ್ಷಕ್ಕೆರಡು ಸಲ ತರುವ ಸಂಶೋಧನ ಪತ್ರಿಕೆಗೆ ಸಂಪಾದಕಿ. ಸಂಪಾದಕಿ ಅಂದರೆ ಏನೋ ದೊಡ್ಡ ಗಾದಿ ಎಂದುಕೊಳ್ಳಬೇಡಿ. ಊರೂರಿಂದ ಬರುವ ಹರಕು ಲೇಖನಗಳಿಗೆ ತೇಪೆ ಹಾಕುವ ಕೆಲಸ. ಲೇಖನ ಕಳಿಸುವವರಲ್ಲಿ ಮುಕ್ಕಾಲು ಪಾಲು ಮಂದಿಗೆ ಹೇಳುವುದೇನೂ ಇರುವುದಿಲ್ಲ, ಬಡ್ತಿಯ ಅರ್ಜಿ ಮಾತ್ರ ಇರುತ್ತದೆ. ಇಷ್ಟು ಲೇಖನಕ್ಕೆ ಇಷ್ಟು ಅಂಕ ಎಂದು ಯಾವ ಪುಣ್ಯಾತ್ಮ ನಿಯಮ ಮಾಡಿದನೋ, ಅವತ್ತಿನಿಂದ ಈ ನಾಡಿನಲ್ಲಿ ಸಂಶೋಧನೆ ಸಗಣಿಯ ಕುಳ್ಳಿನಂತೆ ಗೋಡೆ ತುಂಬಾ ಬೀಳತೊಡಗಿತು.

ಸವದತ್ತಿಯ ಕಾಲೇಜಿನ ಕಾಂತೇಶರು ನನಗೆ ಕಳಿಸಿದ ಲೇಖನದ ಹೆಸರು 'ಬೈಲಹೊಂಗಲ ತಾಲೂಕಿನ ಕೌದಿ ಪರಂಪರೆ'. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಹೊಲಿದು ಮಾಡುವ ಹೊದಿಕೆಯೇ ಕೌದಿ. ನಮ್ಮ ಕಡೆ ಅದನ್ನು ಹೊದೆಯದೆ ಬೆಳೆದವರು ಇಲ್ಲ. ನಿಜ ಹೇಳಬೇಕೆಂದರೆ ನಾಲ್ಕು ಪುಟ ಓದುವ ತನಕ ನನಗೆ ಖುಷಿಯೇ ಆಯಿತು. ಹೆದ್ದಾರಿಯ ಲಾರಿ ಡ್ರೈವರುಗಳು ಹೋಗುವಾಗ ಮನೆಯ ಹಳೇ ಬಟ್ಟೆಯ ಗಂಟು ಕೊಟ್ಟು, ಮರಳಿ ಬರುವಾಗ ಹೊಲಿದ ಕೌದಿ ಒಯ್ಯುತ್ತಾರಂತೆ. ಹೆಂಡತಿಯ ಸೀರೆ ತಲೆಯ ಕಡೆಗೆ, ಮಕ್ಕಳ ಅಂಗಿ ಎದೆಯ ಕಡೆಗೆ ಬರಬೇಕಂತೆ. ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುತ್ತಾರಂತೆ, ಕೌದಿ ಉಪವಾಸ ಹೋಗಬಾರದೆಂದು. ಕಣ್ಣಿಂದ ಕಂಡವರು ಬರೆದ ಮಾತು ಅದು. ಕಾಂತೇಶರಿಗೆ ಕಣ್ಣು ಯಾವಾಗ ಬಂತು ಎಂದು ಆಶ್ಚರ್ಯವೂ ಆಯಿತು.

ಐದನೆಯ ಪುಟದಲ್ಲಿ ನಿಂತೆ. 'ಪುಣೆ–ಬೆಂಗಳೂರು ಹೆದ್ದಾರಿ ಬೈಲಹೊಂಗಲವನ್ನು ಸವರಿಕೊಂಡು ಹೋಗುವುದರಿಂದ' ಎಂದಿತ್ತು.

ನಾನು ಹುಟ್ಟಿದ್ದು ಸಂಗೊಳ್ಳಿ, ಬಾಳುತ್ತಿರುವುದು ಬೈಲಹೊಂಗಲ. ಹೆದ್ದಾರಿ ಕಾಣಬೇಕಾದರೆ ನಾವು ಬಸ್ಸು ಹತ್ತಿ ಕಿತ್ತೂರಿಗೆ ಹೋಗಬೇಕು. ಸರಕಾರಕ್ಕೆ ಆಗದ್ದನ್ನು ಈ ಮಹರಾಯ ಒಂದು ವಾಕ್ಯದಲ್ಲಿ ಮಾಡಿ ಮುಗಿಸಿದ್ದ.

ಅನುಮಾನ ಬಂದರೆ ಹುಡುಕುವುದು ಕಷ್ಟವಲ್ಲ. ಬೇರೆ ಎರಡು ಪತ್ರಿಕೆಗಳಲ್ಲಿ ಕಾಂತೇಶರ ಇನ್ನೆರಡು ಲೇಖನ ಸಿಕ್ಕವು. 'ಸವದತ್ತಿ ತಾಲೂಕಿನ ಕೌದಿ ಪರಂಪರೆ', 'ರಾಮದುರ್ಗ ತಾಲೂಕಿನ ಕೌದಿ ಪರಂಪರೆ'. ಅದೇ ಸಾಲು, ಅದೇ ಅಲ್ಪವಿರಾಮ. ಊರ ಹೆಸರು ಬದಲಾದಲ್ಲೆಲ್ಲ ಹೆದ್ದಾರಿಯೂ ಹಿಂದೆಹಿಂದೆಯೇ ಹೋಗಿತ್ತು. ರಾಮದುರ್ಗದವರು ಪಾಪ, ತಮ್ಮೂರಿಗೆ ಇಂಥ ಭಾಗ್ಯ ಬಂದದ್ದನ್ನು ಇನ್ನೂ ತಿಳಿದಿರಲಿಕ್ಕಿಲ್ಲ.

ಹೆದ್ದಾರಿ ಹೋಗಲಿ ಬಿಡಿ. ಲೇಖನದ ನಡುವೆ 'ನನ್ನ ತಾಯಿ' ಎಂದು ಶುರುವಾಗುವ ಎರಡು ಪುಟಗಳಿದ್ದವು. ಸವದತ್ತಿಯ ಲೇಖನದಲ್ಲಿ 'ನನ್ನ ತಾಯಿ ಸೋಮವ್ವ'. ರಾಮದುರ್ಗದಲ್ಲಿ 'ನನ್ನ ತಾಯಿ ಶೆಟ್ಟೆವ್ವ'. ನನಗೆ ಕಳಿಸಿದ್ದರಲ್ಲಿ 'ನನ್ನ ತಾಯಿ ಲಗಮವ್ವ'. ಮೂರು ತಾಲೂಕು, ಮೂರು ತಾಯಿ! ಅದರ ಮೇಲೆ, ಸವದತ್ತಿಯ ಸೋಮವ್ವ 'ಬೆಳಗಿನ ನಮಾಜು ಮುಗಿಸಿ ಸೂಜಿ ಹಿಡಿಯುತ್ತಿದ್ದಳು'. ಮುಂದಿನ ಲೇಖನಕ್ಕೆ ಬರುವಷ್ಟರಲ್ಲಿ ಯಾರೋ ಹೇಳಿರಬೇಕು, ನಮಾಜು ಹೋಗಿ ಪೂಜೆ ಬಂದಿತ್ತು. ನಾನು ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆಮೇಲೆ ನಗು ನಿಂತಿತು. ಈ ಮನುಷ್ಯ ತನ್ನದೇ ಲೇಖನವನ್ನು ಮೂರು ಕಡೆ ಮಾರಿಕೊಂಡಿದ್ದರೆ ಅದೊಂದು ಚಿಲ್ಲರೆ ಮೋಸ. ಆದರೆ ನಮಾಜು ಮಾಡಿ ಸೂಜಿ ಹಿಡಿಯುವ ಹೆಂಗಸು ಈತನ ತಾಯಿಯಲ್ಲ. ಆಕೆ ಬೇರೆ ಯಾರದೋ ತಾಯಿ.

ಫೋನು ಮಾಡಿದೆ.

"ಸರ್, ಹೈವೇ ನಮ್ಮೂರಿಗೆ ಯಾವಾಗ ಬಂತ್ರಿ?"

"ಏ, ಮೇಡಮ್, ಅದು ಟೈಪಿಂಗ್ ಮಿಸ್ಟೇಕ್ ರೀ. ನೀವು ಭಾಳ ಸೂಕ್ಷ್ಮ ನೋಡತೀರಿ ಬಿಡ್ರಿ."

"ಇದ ಲೇಖನ ಎರಡು ಕಡೆ ಅಚ್ಚಾಗೇತಲ್ರಿ?"

"ಊರು ಬ್ಯಾರೆ ಆದ ಮ್ಯಾಲೆ ಲೇಖನಾನೂ ಬ್ಯಾರೆ ಆತಲ್ರಿ."

"ಮತ್ತ ತಾಯಂದಿರು? ನಿಮಗ ಎಷ್ಟು ಮಂದಿ ತಾಯಂದಿರ್ರಿ ಸರ್?"

ಕಾಂತೇಶರು ಭಾಷಣದ ದನಿ ತೆಗೆದರು. "ಜಾನಪದ ಸಂಶೋಧಕನಿಗೆ ಎಲ್ಲಾ ತಾಯಂದಿರೂ ತಾಯಂದಿರೇ ಮೇಡಮ್."

ಥೂ, ಎಂಥ ನಾಲಿಗೆ! ಲೇಖನ ತಿರಸ್ಕರಿಸಿದೆ. ವಿವರಣೆ ಕೇಳಿ ನೋಟಿಸು ಕಳಿಸಿದೆ, ಆ ಎರಡು ಪತ್ರಿಕೆಗಳ ಸಂಪಾದಕರಿಗೂ ಬರೆದೆ. ಒಬ್ಬರು 'ಸಂಚಿಕೆ ಹಂಚಿ ಮುಗಿದಿದೆ, ಈಗೇನೂ ಮಾಡಲು ಬರುವುದಿಲ್ಲ' ಎಂದರು. ಇನ್ನೊಬ್ಬರು ನನ್ನ ಪತ್ರ ಓದಿದರೋ ಇಲ್ಲವೋ, ತಮ್ಮ ಮುಂದಿನ ಸಂಚಿಕೆಗೆ ಲೇಖನ ಕಳಿಸಿರೆಂದು ನನಗೇ ಆಮಂತ್ರಣ ಕೊಟ್ಟರು.

ಆ ವಾರದಲ್ಲೇ ಕಿತ್ತೂರಿನ ಬಸ್ಸಿಗೆ ಬಂದು ಒಬ್ಬ ಹುಡುಗಿ ನಮ್ಮ ಕಾಲೇಜಿನ ಬಾಗಿಲಲ್ಲಿ ನಿಂತಳು. ಹೆಸರು ತಬಸ್ಸುಮ್. ರಾಮದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಾಂತೇಶರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ನಾನು ನೋಟಿಸು ಕಳಿಸಿದ ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದಿತ್ತು.

"ಮೇಡಮ್, ನನ್ನ ಥೀಸಿಸ್ ತಡದಾರ್ರಿ," ಎಂದಳು. "ನಾ ಕದ್ದೇನಿ ಅಂತ ವಿಚಾರಣೆ ಇಟ್ಟಾರ್ರಿ."

ಕುಳ್ಳಿರಿಸಿ ನೀರು ಕೊಟ್ಟೆ. ಅವಳ ಊರು ಕಿತ್ತೂರು, ವಿಷಯವೂ ಅಲ್ಲಿನ ಕೌದಿ. ಅಪ್ಪ ಹಜರತಸಾಬ ಲಾರಿ ಡ್ರೈವರು, ತಾಯಿ ಖೈರುನಬಿ ಕೌದಿ ಹೊಲಿಯುವವಳು. ಪಕ್ಕದಲ್ಲಿ ಕುಳಿತು ನೋಡಿದ್ದನ್ನು, ತಾಯಿ ಸೂಜಿ ಆಡಿಸುತ್ತ ಹೇಳಿದ್ದನ್ನು ಬರೆದು, ತಿದ್ದಿ ಕೊಡಿರೆಂದು ಮಾರ್ಗದರ್ಶಕರ ಕೈಗೆ ಕೊಟ್ಟಿದ್ದಳು. ವರ್ಷ ಕಳೆದರೂ ಅಧ್ಯಾಯ ಮರಳಿ ಬರಲಿಲ್ಲ. ಕೇಳಿದಾಗಲೆಲ್ಲ 'ಓದಾಕತ್ತೇನಿ' ಎಂಬ ಉತ್ತರ. ಹೌದು, ಓದುತ್ತಿದ್ದರು, ಊರ ಹೆಸರು ಎಲ್ಲೆಲ್ಲಿದೆ ಎಂದು. ಕೊನೆಗೆ ಇವಳು ಪ್ರಬಂಧ ಸಲ್ಲಿಸಿದಾಗ ವಿಶ್ವವಿದ್ಯಾಲಯದವರು ಅದನ್ನು ನಕಲು ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಿದರು. ಆ ಮಷೀನಿಗೆ ಯಾರು ಮೊದಲು ಬರೆದರು ಎಂಬುದು ಗೊತ್ತಿಲ್ಲ, ಯಾರದು ಮೊದಲು ಅಚ್ಚಾಯಿತು ಎಂಬುದಷ್ಟೇ ಗೊತ್ತು. ಮೂರನೆಯ ಅಧ್ಯಾಯ ಪೂರ್ತಿ ಕೆಂಪಾಗಿ ಬಂತು. ಮೂಲ ಲೇಖಕರು: ಡಾ. ಕಾಂತೇಶ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಇಲ್ಲಿ ಮೇಯ್ದದ್ದಷ್ಟೇ ಅಲ್ಲ, ಹೊಲವೇ ನನ್ನದನ್ನು ತಿಂದಿತು ಎಂದು ಬೇಲಿ ಫಿರ್ಯಾದು ಕೊಟ್ಟಿತ್ತು.

"ಸರ್ ಏನಂತಾರ?"

"'ನನ್ನ ಲೇಖನದಿಂದ ತಗೊಂಡೇನಿ ಅಂತ ಒಂದು ಕ್ಷಮಾಪಣಿ ಬರದು ಕೊಡವಾ, ಮುಂದಿಂದು ನಾ ಸಂಬಾಳಸ್ತೇನಿ' ಅಂತಾರ್ರಿ. ಬರದು ಕೊಡಲಿಲ್ಲಂದ್ರ ರಿಜಿಸ್ಟ್ರೇಶನ್ ರದ್ದಾಗತೇತ್ರಿ. ಕಾಯಂ ನೌಕರಿಗೆ ಅರ್ಜಿ ಕರದಾರ, ಡಿಗ್ರಿ ಇಲ್ಲದ ಅರ್ಜಿ ಹಾಕಾಕ ಬರೂದಿಲ್ಲ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಅಮ್ಮಿಗೆ ಇನ್ನೂ ಹೇಳಿಲ್ರಿ. ಏನಂತ ಹೇಳಲಿ? ನಿನ್ನ ಮಾತು ನಾ ಕದ್ದೇನಿ ಅಂತ ಹೇಳಲಿ?"

"ಬರದು ಕೊಡಬ್ಯಾಡವಾ. ನಾ ಬರತೇನಿ ವಿಚಾರಣೆಗೆ," ಎಂದೆ.

ವಿಚಾರಣೆಗೆ ವಿಶ್ವವಿದ್ಯಾಲಯ ಮೂವರ ಸಮಿತಿ ಮಾಡಿತ್ತು. ಅಧ್ಯಕ್ಷರು ಪ್ರೊಫೆಸರ್ ಸಿದ್ಧಾರೂಢ. ಯಾವ ಜಗಳವಿದ್ದರೂ ಎರಡೂ ಕಡೆಯ ಚಹಾ ಕುಡಿದು ಎದ್ದು ಬರುವ ಹಿರಿಯರು. ಉಳಿದಿಬ್ಬರು ಅಧ್ಯಕ್ಷರ ತಲೆ ಯಾವ ಕಡೆ ಆಡುತ್ತದೆ ಎಂದು ನೋಡಿ ತಮ್ಮ ತಲೆ ಆಡಿಸುವವರು. ಕಾಂತೇಶರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಸನ್ಮಾನಕ್ಕೆ ಬಂದವರ ಹಾಗೆ ಕುಳಿತಿದ್ದರು.

ನಾನು ಮೂರೂ ಲೇಖನ ಮೇಜಿನ ಮೇಲಿಟ್ಟೆ. ಹೆದ್ದಾರಿ ತೋರಿಸಿದೆ. ನಮಾಜು ತೋರಿಸಿದೆ. ಮೂವರು ತಾಯಂದಿರನ್ನು ಸಾಲಾಗಿ ನಿಲ್ಲಿಸಿದೆ. ಸಮಿತಿಯವರು ನಕ್ಕರು. ಅಧ್ಯಕ್ಷರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಂತೇಶರೂ ಅವರ ಜೊತೆ ನಕ್ಕುಬಿಟ್ಟರು! ಎಲ್ಲರೂ ಕೂಡಿ ನಕ್ಕ ತಪ್ಪಿಗೆ ಶಿಕ್ಷೆ ಆದದ್ದನ್ನು ನಾನು ನೋಡಿಲ್ಲ.

"ಎಲ್ಲಾ ತಿಳೀತ್ರಿ ಮೇಡಮ್," ಎಂದರು ಸಿದ್ಧಾರೂಢರು, ಕನ್ನಡಕ ಒರೆಸಿಕೊಳ್ಳುತ್ತ. "ಖರೇ ಹೇಳಬೇಕಂದ್ರ ನಮಗ್ಯಾರಿಗೂ ಸಂಶಯ ಇಲ್ಲ. ಆದ್ರ ಮನಿ ಮಾತು ಮನಿಯೊಳಗ ಇರಲಿ. ಪೇಪರಿನ್ಯಾಗ ಬಂದ್ರ ವಿಶ್ವವಿದ್ಯಾಲಯದ ಮಾನ ಏನಾಗಬೇಕ್ರಿ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಮಿತಿಯ ತೀರ್ಮಾನ ಹೀಗಿತ್ತು: ಕಾಂತೇಶರು ನನ್ನ ಪತ್ರಿಕೆಯಿಂದ ಲೇಖನವನ್ನು 'ಸ್ವಇಚ್ಛೆಯಿಂದ' ಹಿಂತೆಗೆದುಕೊಳ್ಳಬೇಕು. ನಾನು ಅದನ್ನು ಆಗಲೇ ತಿರಸ್ಕರಿಸಿದ್ದೆನಲ್ಲ, ಹಿಂತೆಗೆಯಲು ಏನಿತ್ತು ಅಲ್ಲಿ, ಮಣ್ಣು! ತಬಸ್ಸುಮ್ ಮಾತ್ರ ತನ್ನ ಪುಟಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಕೆಳಗೆ 'ಕೃಪೆ: ಡಾ. ಕಾಂತೇಶ' ಎಂದು ಬರೆಯಬೇಕು. ಹಾಗೆ ಮಾಡಿದರೆ ಮಷೀನು ಒಪ್ಪುತ್ತದೆ, ಪ್ರಬಂಧ ಮುಂದೆ ಹೋಗುತ್ತದೆ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಎದ್ದಿದ್ದರೆ ಕಾಂತೇಶರು ಬದುಕಿಕೊಳ್ಳುತ್ತಿದ್ದರು. ಆದರೆ ಒಬ್ಬರ ಲೇಖನವನ್ನು ಇನ್ನೊಬ್ಬರು ಉಲ್ಲೇಖಿಸಿದರೆ ಅದಕ್ಕೂ ಬಡ್ತಿಯಲ್ಲಿ ಅಂಕವುಂಟು. ಬಿಟ್ಟಾರೆಯೇ?

"ಅಧ್ಯಕ್ಷರ, ಎರಡೂ ಲೇಖನದ ಹೆಸರು ಹಾಕಲಿ," ಎಂದರು. "ಮತ್ತ ಪ್ರತಿನೂ ಹಿಂದ ಲಗತ್ತಿಸಲಿ. ಸಂಶೋಧನೆ ಅಂದ ಮ್ಯಾಲೆ ಶಿಸ್ತು ಬೇಕಲ್ರಿ."

ಶಿಸ್ತಂತೆ! ಅಧ್ಯಕ್ಷರು ಹೂಂಗುಟ್ಟಿದರು. ಅದೂ ತೀರ್ಮಾನದಲ್ಲಿ ಸೇರಿತು. ಚಹಾ, ಚುರುಮುರಿ ಬಂದವು.

ಹೊರಗೆ ಬಂದ ಮೇಲೆ ನಾನು ತಬಸ್ಸುಮ್‌ಳ ಮೇಲೆ ಹರಿಹಾಯ್ದೆ. "ಒಪ್ಪಬ್ಯಾಡ. ನಿನ್ನ ತಾಯಿ ಆಡಿದ ಮಾತಿನ ಕೆಳಗ ಆ ಮಾನಗೇಡಿಯ ಹೆಸರು ಹಾಕತೀಯೇನ?"

"ಮೇಡಮ್, ನಿಮ್ಮ ನೌಕರಿ ಕಾಯಂ ಐತ್ರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನಲ್ಲಿ ಬೈಲಹೊಂಗಲದ ತನಕ ನಾನು ಕಿಟಕಿಯ ಹೊರಗೆ ನೋಡುತ್ತ ಬಂದೆ. ನ್ಯಾಯದ ಮಾತಾಡುವುದು ಹೊಟ್ಟೆ ತುಂಬಿದವರಿಗೆ ಸುಲಭ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ, ಆದರೂ ಚುಚ್ಚಿತು.

ಅವಳು ಬರೆದು ಕೊಟ್ಟಳು. ಚಿಹ್ನೆ ಹಾಕಿದಳು, ಕೃಪೆ ಎಂದಳು, ಎರಡೂ ಲೇಖನಗಳ ಪ್ರತಿಯನ್ನು ಬೆನ್ನಿಗೆ ಕಟ್ಟಿದಳು. ಪ್ರಬಂಧ ಮುಂದೆ ಹೋಯಿತು.

ಕಡೆಯ ಮೌಖಿಕ ಪರೀಕ್ಷೆ ಎಲ್ಲರೆದುರು ನಡೆಯುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು. ನಮ್ಮ ಕಡೆ ಅದೊಂದು ಮನೆಯ ಕಾರ್ಯವೇ ಆಗಿಬಿಟ್ಟಿದೆ. ಬೀಗರು, ನೆರೆಯವರು, ಶಾಲು, ಪೇಡೆ. ನಾನೂ ಹೋದೆ. ಹಿಂದಿನ ಸಾಲಿನಲ್ಲಿ ಹಜರತಸಾಬ ಬಿಳಿ ಟೋಪಿ ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಖೈರುನಬಿ, ಮಡಿಲಲ್ಲಿ ಪೇಡೆಯ ಡಬ್ಬಿ. ಮಗಳು ಇವತ್ತು ಡಾಕ್ಟರಾಗುತ್ತಾಳೆ ಎಂದಷ್ಟೇ ಅವರಿಗೆ ಗೊತ್ತು. ಸಿದ್ಧಾರೂಢರು ಅಧ್ಯಕ್ಷರ ಕುರ್ಚಿಯಲ್ಲಿ, ಕಾಂತೇಶರು ಅವರ ಬಲಕ್ಕೆ. ಪರೀಕ್ಷಕರು ಮೈಸೂರು ಕಡೆಯಿಂದ ಬಂದ ಒಬ್ಬ ಸಣಕಲು ಹಿರಿಯರು. ಪ್ರಬಂಧದ ಪುಟಗಳ ನಡುವೆ ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿಕೊಂಡು ಕುಳಿತಿದ್ದರು.

ತಬಸ್ಸುಮ್ ಚೆನ್ನಾಗಿಯೇ ಮಾತಾಡಿದಳು. ಎಲ್ಲ ಮುಗಿಯಿತು ಅನ್ನುವಾಗ ಪರೀಕ್ಷಕರು ಕೇಳಿದರು.

"ಅಮ್ಮಾ, ಈ ಪ್ರಬಂಧದ ಜೀವ ಇರೋದು ಮೂರನೇ ಅಧ್ಯಾಯದಲ್ಲಿ. ತಾಯಿ ಕೌದಿ ಹೊಲಿಯೋ ಪುಟಗಳು. ಇಂಥ ಬರವಣಿಗೆ ನಾನು ಈಚೆಗೆ ಓದಿಲ್ಲ. ಆದರೆ ಅದೆಲ್ಲ ನಿಮ್ಮ ಮಾರ್ಗದರ್ಶಕರದು ಅಂತ ನೀವೇ ಬರ್ದಿದೀರಿ. ಹಾಗಾದ್ರೆ ಇದರಲ್ಲಿ ನಿಮ್ಮದು ಅಂತ ಏನಿದೆ?"

ಕಾಂತೇಶರು ತಲೆ ತಗ್ಗಿಸಿ ವಿನಯದಿಂದ ಮುಗುಳ್ನಕ್ಕರು. ಆ ನಗು ನೋಡಿ ನನಗೆ ಎದ್ದು ಕೂಗಬೇಕೆನಿಸಿತು. 'ಗುರುಗಳ ಆಶೀರ್ವಾದ' ಎಂದು ಒಂದು ಮಾತು ಹೇಳಿದರೆ ತಬಸ್ಸುಮ್‌ಗೆ ಪದವಿ. ಅವಳೂ ಅದನ್ನೇ ಹೇಳಲು ಬಾಯಿ ತೆರೆದಳು. ತೆರೆದವಳು ಹಿಂದಿನ ಸಾಲಿನ ಕಡೆ ನೋಡಿದಳು.

"ನಂದು ಏನೂ ಇಲ್ರಿ ಸರ್," ಎಂದಳು. ದನಿ ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಎಲ್ಲಾ ಗುರುಗಳದ. ಅಲ್ಲಿ ಹಿಂದ ಕುಂತಾರಲ್ರಿ, ಖೈರುನಬಿ, ನಮ್ಮ ಅಮ್ಮಿ. ಆ ಪುಟದಾಗ ಇರೋ ತಾಯಿ ಅವರ. ಅವರೂ ಈಗ ಗುರುಗಳ ತಾಯಿನ ಆಗ್ಯಾರ. ಅಚ್ಚಾಗೇತಿ, ಇಲ್ಲ ಅನ್ನಾಕ ಬರೂದಿಲ್ಲ. ಸರ್ ಅವರನ್ನ ಇವತ್ತ ಸವದತ್ತಿಗೆ ಕರಕೊಂಡು ಹೋಗಲಿ. ಮೊಣಕಾಲು ನೋವೈತಿ, ಗುಳಿಗಿ ನಾ ಬರದು ಕೊಡತೇನಿ."

ಭಪ್ಪರೇ! "ಹಂಗೆಲ್ಲಾ ಮಾತಾಡಬಾರದವಾ," ಎಂದು ಸಿದ್ಧಾರೂಢರು ಅರ್ಧ ಎದ್ದರು. ಪರೀಕ್ಷಕರು ಕೈಸನ್ನೆಯಿಂದ ಅವರನ್ನು ಕೂರಿಸಿದರು.

"ಹಿಂದೆ ಕಟ್ಟಿರೋ ಎರಡು ಲೇಖನ ನಾನು ಓದಿದೀನಿ," ಎಂದರು. "ಪಕ್ಕಪಕ್ಕ ಇಟ್ಕೊಂಡು ಓದಿದೀನಿ. ಒಂದೇ ಹೆದ್ದಾರಿ ಎರಡು ಊರಲ್ಲಿದೆ, ಒಬ್ಬ ಲೇಖಕನಿಗೆ ಇಬ್ಬರು ತಾಯಿ ಇದಾರೆ. ಅದಕ್ಕೇ ಕೇಳಿದೆ. ಅಮ್ಮಾ, ಆ ಉದ್ಧರಣ ಚಿಹ್ನೆಗಳನ್ನೂ ಆ ಕೃಪೆಯನ್ನೂ ತೆಗೆದು ಪ್ರಬಂಧ ಮತ್ತೆ ಕಳಿಸಿ, ಪದವಿಗೆ ಶಿಫಾರಸು ಮಾಡ್ತೀನಿ. ಉಳಿದದ್ದನ್ನು ಕುಲಪತಿಗಳಿಗೆ ಬರೀತೀನಿ."

ಬರೆದರು ಕೂಡ. ಆ ಪತ್ರದ ಮೇಲೆ ಇನ್ನೊಂದು ಸಮಿತಿ ಆಯಿತು, ಅದರ ಅಧ್ಯಕ್ಷರು ಯಾರೆಂದು ನೀವೇ ಊಹಿಸಿಕೊಳ್ಳಿ. ತಬಸ್ಸುಮ್‌ಗೆ ಪದವಿ ಬಂತು, ಆದರೆ ಅರ್ಜಿಯ ದಿನ ಕಳೆದ ಮೇಲೆ. ಅವಳು ಇನ್ನೂ ಅತಿಥಿಯೇ. ಕಾಂತೇಶರ ಬಡ್ತಿ 'ಪರಿಶೀಲನೆಯಲ್ಲಿದೆ'. ಅದನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

ಆದರೆ ಅವತ್ತಿನ ಮಾತು ಇನ್ನೂ ಮುಗಿದಿಲ್ಲ. ಜನ ಏಳುವಷ್ಟರಲ್ಲಿ ಖೈರುನಬಿ ಡಬ್ಬಿ ಹಿಡಿದುಕೊಂಡು ಕಾಲೆಳೆಯುತ್ತ ಮುಂದೆ ಬಂದಳು. ಮೊದಲ ಪೇಡೆ ಗುರುವಿಗೆ ಕೊಡುವುದು ರೂಢಿ. ಮಗಳ ಮಾತು ಆಕೆಗೆ ಪೂರ್ತಿ ತಿಳಿದಿತ್ತೋ, ಸರ್ ನಮಗೆ ಮಗನ ಸಮಾನ ಎಂದು ಮಗಳು ಹೇಳಿದಳೆಂದು ತಿಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಕಾಂತೇಶರು ಪೇಡೆ ಇಸಿದುಕೊಂಡರು. ಬಾಯಿಗೂ ಹಾಕಿಕೊಂಡರು.

"ಸರ, ನಿಮ್ಮನ್ನ ಹಡದವ್ವ ಅದಾರೇನ್ರಿ?" ಎಂದು ಖೈರುನಬಿ ಕೇಳಿದಳು.

"ಅದಾರ್ರಿ," ಎಂದರು ಕಾಂತೇಶರು, ತುಂಬಿದ ಬಾಯಲ್ಲಿ.

"ಏನ್ ಹೆಸರ್ರಿ ಅವರದು?"

ಕಾಂತೇಶರು ನುಂಗಿದರು. ಪರೀಕ್ಷಕರು ಕನ್ನಡಕದ ಮೇಲಿಂದ ನೋಡುತ್ತಿದ್ದರು, ಸಿದ್ಧಾರೂಢರು ನೆಲ ನೋಡುತ್ತಿದ್ದರು.

"ಪದ್ಮವ್ವ," ಎಂದರು ಮೆಲ್ಲಗೆ.

ಸೋಮವ್ವ ಅಲ್ಲ, ಶೆಟ್ಟೆವ್ವ ಅಲ್ಲ, ಲಗಮವ್ವನೂ ಅಲ್ಲ. ಊರೂರಿಗೆ ತಾಯಂದಿರನ್ನು ಹಂಚಿದ ಮನುಷ್ಯ ಹೆತ್ತವಳನ್ನು ಒಂದು ಕಡೆಯೂ ನೆನೆದಿರಲಿಲ್ಲ.

ಖೈರುನಬಿ ಮತ್ತೆರಡು ಪೇಡೆ ತೆಗೆದು, ಕಾಗದದಲ್ಲಿ ಸುತ್ತಿ ಅವರ ಕೈಯಲ್ಲಿಟ್ಟಳು.

"ಪದ್ಮವ್ವಾರಿಗೆ ಕೊಡ್ರಿ," ಎಂದಳು. "ಕಿತ್ತೂರಿನ ಖೈರುನಬಿ ಕೊಟ್ಟಾಳ ಅಂತ ಹೇಳ್ರಿ. ನನ್ನ ಹೆಸರು ಹೇಳೂದು ಮರೀಬ್ಯಾಡ್ರಿ."